ಎರಡಡಿ ಮೂಲೆಯಲ್ಲಿ ಸೊಪ್ಪಿನ ಕಂಬ: ಆರಿಂಚು ಪೈಪಿನ ಕೆಲಸ, ಮೊದಲಿಂದ ಕೊನೆವರೆಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ನೆಲಕ್ಕೆ ಪೈಪೋಟಿ ಜಾಸ್ತಿ. ನಮ್ಮದರಲ್ಲಿ ವಾಷಿಂಗ್ ಮೆಷಿನ್ ಒಂದು ಕಡೆ, ಬಟ್ಟೆ ಒಣಹಾಕುವ ಸ್ಟ್ಯಾಂಡ್ ಇನ್ನೊಂದು ಕಡೆ, ಖಾಲಿ ಸಿಲಿಂಡರ್ ಮತ್ತೊಂದು ಕಡೆ. ಉಳಿದದ್ದು ಗೋಡೆಗೆ ಗ್ರಿಲ್ ಸೇರುವ ಮೂಲೆ. ಉದ್ದ ಅಗಲ ಎರಡೆರಡು ಅಡಿ. ಪೂರ್ವ ದಿಕ್ಕು, ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬೀಳುತ್ತದೆ. ಅಲ್ಲಿ ಕುಂಡ ಇಟ್ಟರೆ ನಾಲ್ಕು ಹಿಡಿಸುತ್ತವೆ. ಅದೇ ಜಾಗದಲ್ಲಿ ಮೇಲಕ್ಕೆ ಹೋದರೆ ಇಪ್ಪತ್ತೆರಡು ಗಿಡ ಕೂರಿಸಬಹುದು. ಲೆಕ್ಕ ಅಷ್ಟೇ.

ಮೇಲಕ್ಕೆ ಹೋಗೋಕೆ ದಾರಿ ಹಲವು ಇವೆ. ಕೋಲಾ ಬಾಟಲಿ ಕತ್ತರಿಸಿ ಒಂದರ ಕೆಳಗೊಂದು ನೇತುಹಾಕುವುದು ಎಲ್ಲಕ್ಕಿಂತ ಅಗ್ಗ. ಆದರೆ ಎರಡು ಲೀಟರ್ ಬಾಟಲಿಯ ಪಕ್ಕ ಕತ್ತರಿಸಿದ ಮೇಲೆ ಅದರಲ್ಲಿ ಒಂದು ಲೀಟರ್ ಮಣ್ಣು ಹಿಡಿಸಿದರೆ ಹೆಚ್ಚು. ಏಪ್ರಿಲ್‌ನಲ್ಲಿ ಅದು ಮಧ್ಯಾಹ್ನದೊಳಗೆ ಒಣಗಿ ಪುಡಿಯಾಗುತ್ತದೆ. ಬಟ್ಟೆಯ ಜೇಬುಗಳಿರುವ ಚೀಲಗಳೂ ಸಿಗುತ್ತವೆ, ನೋಡೋಕೆ ಚಂದ. ಅವು ಗೋಡೆಗೆ ತೇವ ಹಿಡಿಸುತ್ತವೆ, ಸುತ್ತಲಿಂದ ನೀರು ಆವಿಯಾಗುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆಗೆ ಬೂಸ್ಟು ಬಂದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ನಾನು ಆರಿಸಿಕೊಂಡದ್ದು ಪಿವಿಸಿ ಪೈಪು. ಅದನ್ನು ನೆಟ್ಟಗೆ ನಿಲ್ಲಿಸಿ, ಮೈಯನ್ನು ಅಲ್ಲಲ್ಲಿ ಸೀಳಿ, ಸೀಳನ್ನು ಕಿಸೆಯ ಹಾಗೆ ತೆರೆದು ಗಿಡ ಕೂರಿಸುವುದು. ಒಳಗೆ ಮಣ್ಣು ಒಂದೇ ಉದ್ದನೆ ಕಂಬವಾಗಿ ಇರುತ್ತದೆ. ಒಂದು ಗಿಡದ ಬೇರು ಪಕ್ಕದ ಗಿಡದ ಪಾಲಿನ ಮಣ್ಣನ್ನೂ ಬಳಸಿಕೊಳ್ಳಬಹುದು.

ಪೈಪು ತರುವಾಗ

ಪ್ಲಂಬಿಂಗ್ ಅಂಗಡಿಯವರು ಆರಿಂಚು ಅಂತ ಕೊಡುವುದು 160 ಮಿ.ಮೀ. ಪೈಪನ್ನು. ಹತ್ತಡಿ ಉದ್ದ ಬರುತ್ತದೆ. ನಡುವೆ ಕತ್ತರಿಸಿದರೆ ಐದಡಿಯ ಎರಡು ಕಂಬ. ನಾಲ್ಕಿಂಚಿನದು, ಅಂದರೆ 110 ಮಿ.ಮೀ., ಅಗ್ಗವೇನೋ ಹೌದು. ಆದರೆ ಒಳಗೆ ಹಿಡಿಸುವ ಮಣ್ಣು ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಆರಿಂಚಿನ ಐದಡಿ ಕಂಬದಲ್ಲಿ ಸುಮಾರು 28 ಲೀಟರ್ ಹಿಡಿಸುತ್ತದೆ. ಹನ್ನೊಂದು ಗಿಡಕ್ಕೆ ಹಂಚಿದರೆ ತಲಾ ಎರಡೂವರೆ ಲೀಟರ್. ಸೊಪ್ಪಿಗೆ ಅಷ್ಟು ಸಾಕು.

"ಯಾವ ಫ್ಲೋರಿಗೆ ಸಾರ್? ಸ್ಯಾನಿಟರಿ ಲೈನಾ?" ಅಂದರು ಅಂಗಡಿಯವರು.

"ಇಲ್ಲ, ಸೊಪ್ಪು ಬೆಳೆಯೋಕೆ."

"ಹಂಗಾದ್ರೆ ತೆಳು ಪೈಪ್ ಸಾಕು, ಅದನ್ನೇ ತಗೊಳ್ಳಿ." ಅಂಗಡಿಯವರು ಹೀಗೆ ಹೇಳುವುದು ಅಪರೂಪ. ಮಾತು ಸರಿಯಾಗಿಯೇ ಇತ್ತು. ಬಿಸಿ ಮಾಡಿದರೆ ತೆಳು ಪೈಪು ಬೇಗ ಮೆತ್ತಗಾಗುತ್ತದೆ, ಕಿಸೆ ತೆರೆಯಲು ಸುಲಭ.

ಇಲ್ಲಿ ಒಂದು ಮಾತಿಗೆ ಸ್ವಲ್ಪ ಒತ್ತು ಕೊಡಬೇಕು. ಗುಜರಿಯಲ್ಲಿ ಹಳೆ ಪೈಪು ಕಾಲುಬೆಲೆಗೆ ಸಿಗುತ್ತದೆ. ತಿನ್ನುವ ಗಿಡಕ್ಕೆ ಅದು ಬೇಡ. ಮೊದಲೆಲ್ಲ ಪಿವಿಸಿ ಪೈಪು ಮಾಡುವಾಗ ಅದು ಕೆಡದಿರಲೆಂದು ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಈಗ ಹೊಸ ಪೈಪಿನ ಮೇಲೆ ಸೀಸ ಇಲ್ಲ ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ನೋಡಿ ತರಬೇಕು. ಹಳೆಯದು ಯಾವ ಕಾಲದ್ದೋ, ಅದರೊಳಗೆ ಏನು ಹರಿದಿತ್ತೋ ಯಾರಿಗೆ ಗೊತ್ತು.

ಉಳಿದ ಸಾಮಾನು ಇಷ್ಟು: ಒಂದಿಂಚಿನ ಪೈಪು ಹತ್ತಡಿ, ಅದಕ್ಕೆ ಎರಡು ಎಂಡ್ ಕ್ಯಾಪ್, 20 ಲೀಟರಿನ ಎರಡು ಪೇಂಟ್ ಬಕೆಟ್, ಎರಡು ದೊಡ್ಡ ಟ್ರೇ, ಒಂದು ಚೀಲ ಜಲ್ಲಿ, ಹಾಕ್ಸಾ, ಡ್ರಿಲ್, ಮರಳು ಕಾಗದ, ಬಿಸಿ ಗಾಳಿ ಊದುವ ಹೀಟ್ ಗನ್. ಹೀಟ್ ಗನ್ ಕೊಳ್ಳಲು ಹೋಗಬೇಡಿ. ಕಾರಿಗೆ ಸ್ಟಿಕ್ಕರ್ ಅಂಟಿಸುವವರ ಹತ್ತಿರ, ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಒಂದು ಭಾನುವಾರದ ಮಟ್ಟಿಗೆ ಕೇಳಿದರೆ ಕೊಡುತ್ತಾರೆ.

ಗೆರೆ, ಸೀಳು, ಕಿಸೆ

ದುಂಡಗಿನ ಪೈಪಿನ ಮೇಲೆ ನೆಟ್ಟಗೆ ಗೆರೆ ಎಳೆಯುವುದು ಸ್ಕೇಲಿನಿಂದ ಆಗುವ ಕೆಲಸವಲ್ಲ. ಹಳೆ ಪೇಪರಿನ ಉದ್ದನೆ ಪಟ್ಟಿಯೊಂದನ್ನು ಪೈಪಿಗೆ ಸುತ್ತಬೇಕು. ತುದಿಗೆ ತುದಿ ಸರಿಯಾಗಿ ಕೂತರೆ ಅದರ ಅಂಚೇ ನೆಟ್ಟಗಿನ ಗೆರೆ. 160 ಮಿ.ಮೀ. ಪೈಪಿನ ಸುತ್ತಳತೆ ಸುಮಾರು 50 ಸೆಂ.ಮೀ. ಬರುತ್ತದೆ. ನಮ್ಮ ಕಂಬದ ಬೆನ್ನು ಗೋಡೆಗೆ. ಅಲ್ಲಿ ಬೆಳಕಿಲ್ಲ, ಕೈಯೂ ಹೋಗಲ್ಲ. ಆದ್ದರಿಂದ ಸುತ್ತಳತೆಯಲ್ಲಿ ಮುಂದಿನ ಮೂರನೇ ಎರಡು ಪಾಲಿನಲ್ಲಿ ಮಾತ್ರ ಕಿಸೆ. ಒಂದು ಸಾಲಿನಲ್ಲಿ ಎರಡು, ಅದರ ಕೆಳಗಿನ ಸಾಲಿನಲ್ಲಿ ಅವೆರಡರ ನಡುವೆ ಒಂದು, ಮತ್ತೆ ಎರಡು, ಹೀಗೆ ಏಳು ಸಾಲಿಗೆ ಹನ್ನೊಂದು. ಸಾಲಿನಿಂದ ಸಾಲಿಗೆ 18 ಸೆಂ.ಮೀ. ಅಂತರ. ತೀರಾ ಕೆಳಗಿನ ಒಂದಡಿ ಬಕೆಟ್ಟಿನೊಳಗೆ ಜಲ್ಲಿಯಲ್ಲಿ ಹೂತಿರುತ್ತದೆ, ಅಲ್ಲಿ ಸೀಳು ಬೇಡ.

ಕೆಲವರು ಕಂಬಕ್ಕೆ ಚಕ್ರ ಹಾಕಿ ದಿನಾ ತಿರುಗಿಸುತ್ತಾರೆ, ಸುತ್ತಲೂ ಗಿಡ ಹಾಕುತ್ತಾರೆ. ಐದಡಿ ಎತ್ತರದ ಭಾರದ ಕಂಬಕ್ಕೆ ಚಕ್ರ ಹಾಕಿ, ಮಕ್ಕಳು ಓಡಾಡುವ ಮನೆಯಲ್ಲಿ ಇಡುವ ಧೈರ್ಯ ನನಗಿಲ್ಲ.

ಸೀಳಿನ ಅಗಲ ಪೈಪಿನ ಮೈಮೇಲೆ ಅಳೆದರೆ 11 ಸೆಂ.ಮೀ. ಹಾಕ್ಸಾವನ್ನು ಅಡ್ಡಡ್ಡ ಹಿಡಿದು ನೇರ ಕೊಯ್ದರೆ, ಬ್ಲೇಡು ಸುಮಾರು 18 ಮಿ.ಮೀ. ಒಳಗಿಳಿದಾಗ ಅಷ್ಟು ಅಗಲ ತಾನಾಗಿಯೇ ಬಂದಿರುತ್ತದೆ. ಬ್ಲೇಡಿನ ಮೇಲೆ ಟೇಪಿನ ಗುರುತು ಹಾಕಿಕೊಂಡರೆ ಪ್ರತಿ ಸಲ ಅಳೆಯುವ ಕಷ್ಟವಿಲ್ಲ. ಕೆಳಗೆ ಪೇಪರ್ ಹಾಸಿ ಕೊಯ್ಯಿರಿ. ಉದುರುವ ಪಿವಿಸಿ ಪುಡಿ ಚರಂಡಿಗೋ ಮಣ್ಣಿಗೋ ಸೇರಬಾರದು. ಕೊಯ್ದ ಮೇಲೆ ಪೈಪಿನೊಳಗೆ ನೀರು ಬಿಟ್ಟು ತೊಳೆದು, ಅಂಚಿಗೆ ಮರಳು ಕಾಗದ ಆಡಿಸಬೇಕು. ಇಲ್ಲದಿದ್ದರೆ ಸೊಪ್ಪು ಕೀಳುವಾಗ ಕೈ ಗೀರುತ್ತದೆ.

ಕಿಸೆ ತೆರೆಯುವುದು ಈ ಕೆಲಸದಲ್ಲಿ ಮಜಾ ಇರುವ ಭಾಗ. ಇದನ್ನು ಟೆರೇಸಿನಲ್ಲೇ ಮಾಡಿ, ಮನೆಯೊಳಗೆ ಬೇಡ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಹೀಟ್ ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಒಂದೇ ಕಡೆ ಹಿಡಿದರೆ ಪೈಪು ಕಂದು ಬಣ್ಣಕ್ಕೆ ತಿರುಗಿ ಸುಡುತ್ತದೆ. ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್ ಅನಿಲ, ಮೂಗು ಗಂಟಲು ಉರಿಯುತ್ತದೆ. ಗ್ಯಾಸ್ ಸ್ಟೌ ಮೇಲೆ ಪೈಪು ಹಿಡಿಯುವವರನ್ನು ವಿಡಿಯೋದಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ.

ಗನ್ನನ್ನು ಒಂದು ಗೇಣು ದೂರ ಹಿಡಿದು, ಸೀಳಿನ ಮೇಲೂ ಕೆಳಗೂ ಮೂರು ಬೆರಳಗಲದಷ್ಟು ಜಾಗದಲ್ಲಿ ಆಚೀಚೆ ಆಡಿಸುತ್ತಾ ಇರಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಪೈಪಿನ ಮೈಗೆ ಒಂದು ಹೊಳಪು ಬರುತ್ತದೆ. ಆಗ ಕಡ್ಡಿಯಿಂದ ಒತ್ತಿದರೆ ತಗ್ಗುತ್ತದೆ. ಅದೇ ಹದ. ಸಾಸ್ ತುಂಬಿ ಬರುವ ಗಾಜಿನ ಬಾಟಲಿಗೆ ತಣ್ಣೀರು ತುಂಬಿ ಮುಚ್ಚಳ ಹಾಕಿ ಇಟ್ಟುಕೊಂಡಿದ್ದೆ. ಅದರ ಕತ್ತನ್ನು ಮೇಲಿನಿಂದ ಓರೆಯಾಗಿ ಸೀಳಿನೊಳಗೆ ತೂರಿಸಿ ಮೆಲ್ಲಗೆ ಒತ್ತಿದರೆ ಮೇಲಿನ ಅಂಚು ಒಳಕ್ಕೆ ಸರಿಯುತ್ತದೆ, ಕೆಳಗಿನ ಅಂಚು ತುಟಿ ಚಾಚಿದ ಹಾಗೆ ಹೊರಕ್ಕೆ ಬರುತ್ತದೆ. ಒದ್ದೆ ಬಟ್ಟೆ ಒತ್ತಿ ಅರ್ಧ ನಿಮಿಷ ಅಲ್ಲಾಡಿಸದೆ ಹಿಡಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಚಾಚಿದ ತುಟಿ ಎರಡು ಬೆರಳಿಗಿಂತ ಕಮ್ಮಿಯಾದರೆ ನೀರು ಹೊರಗೆ ಸುರಿಯುತ್ತದೆ. ಬಿಸಿ ಮಾಡಿ ಇನ್ನೊಮ್ಮೆ ಒತ್ತಿದರಾಯಿತು, ಪಿವಿಸಿ ಮತ್ತೆ ಬಾಗುತ್ತದೆ.

ನೀರಿನ ಪೈಪು, ಇದೇ ತಲೆನೋವು

ಕಂಬ ಕಟ್ಟುವುದು ಒಂದು ದಿನದ ಕೆಲಸ. ಅದರೊಳಗೆ ನೀರನ್ನು ಸರಿಯಾಗಿ ಹಂಚುವುದು ಬೇರೆಯೇ ಕೆಲಸ. ಮೇಲಿಂದ ನೀರು ಹೊಯ್ದರೆ ಇಳಿದು ಕೆಳಗೆ ಸೇರುತ್ತದೆ. ಮೇಲಿನ ಸಾಲು ಸಂಜೆಗೇ ಬಾಡಿರುತ್ತದೆ, ಕೆಳಗಿನ ಸಾಲು ವಾರಗಟ್ಟಲೆ ಒದ್ದೆಯಾಗಿ ಬೇರು ಕೊಳೆಯುತ್ತದೆ. ಮಣ್ಣಿನ ಕಂಬ ಎತ್ತರವಾದಷ್ಟೂ ಇದು ಜಾಸ್ತಿ. ಕುಂಡದಲ್ಲಿ ಈ ತೊಂದರೆ ಕಾಣುವುದಿಲ್ಲ, ಯಾಕಂದರೆ ಅದರ ಎತ್ತರವೇ ಒಂದಡಿ.

ಅದಕ್ಕೆ ನಡುವೆ ಒಂದಿಂಚಿನ ತೂತಿನ ಪೈಪು ಇಳಿಬಿಡುವುದು. ಎಲ್ಲರೂ ಮಾಡುವುದೇ. ಆದರೆ ಸಮ ಅಂತರಕ್ಕೆ ಸಮ ತೂತು ಹೊಡೆದರೆ ಪ್ರಯೋಜನವಿಲ್ಲ. ಟೆರೇಸಿನಲ್ಲಿ ಹಾಗೆ ತೂತು ಹೊಡೆದ ಒಂದು ತುಂಡನ್ನು ನೆಟ್ಟಗೆ ಹಿಡಿದು ಮಗ್ಗಿನಿಂದ ನೀರು ತುಂಬಿಸಿ ನೋಡಿದೆ. ಕೆಳಗಿನ ತೂತುಗಳಿಂದ ನೀರು ಚಿಮ್ಮುತ್ತಿತ್ತು, ಮೇಲಿನವು ಪೈಪಿನ ಮೈಗೆ ಅಂಟಿಕೊಂಡು ಜಿನುಗುತ್ತಿದ್ದವು. ಮಗ್ ತೆಗೆದ ಕೂಡಲೇ ಮೊದಲು ನಿಂತದ್ದೂ ಮೇಲಿನವೇ. ಕಾರಣ ಹೈಸ್ಕೂಲಿನ ವಿಜ್ಞಾನ. ತೂತಿನಿಂದ ನೀರು ಬರುವ ವೇಗ, ಅದರ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. 17ನೇ ಶತಮಾನದ ಇಟಲಿಯ ವಿಜ್ಞಾನಿ ಟೊರಿಸೆಲ್ಲಿ ಹೇಳಿದ್ದು. ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗಿನ ತೂತಿಗೂ 140 ಸೆಂ.ಮೀ. ಕೆಳಗಿನ ತೂತಿಗೂ ಆಳದಲ್ಲಿ 14 ಪಟ್ಟು ವ್ಯತ್ಯಾಸ, ವೇಗದಲ್ಲಿ ಸುಮಾರು ಮೂರೂಮುಕ್ಕಾಲು ಪಟ್ಟು.

ಹಾಗಾಗಿ ತೂತುಗಳನ್ನು ಮೇಲೆ ಒತ್ತೊತ್ತಾಗಿ, ಕೆಳಗೆ ವಿರಳವಾಗಿ ಹೊಡೆಯಬೇಕು. 3 ಮಿ.ಮೀ. ಬಿಟ್‌ನಲ್ಲಿ ಮೇಲಿನ ಒಂದೂವರೆ ಅಡಿಗೆ ಪ್ರತಿ ಎರಡಿಂಚಿಗೆ ಎದುರುಬದುರಾಗಿ ನಾಲ್ಕು ತೂತು. ನಡುವಿನ ಒಂದೂವರೆ ಅಡಿಗೆ ನಾಲ್ಕಿಂಚಿಗೆ ಎರಡು. ಅದರ ಕೆಳಗೆ ಒಂದಡಿಗೆ ಒಟ್ಟು ಎರಡು. ಕೊನೆಯ ಒಂದಡಿ ಖಾಲಿ, ತುದಿಗೆ ಕ್ಯಾಪ್. ಕೆಳಗಿನವಕ್ಕೆ ಮೇಲಿಂದ ಇಳಿಯುವ ನೀರೇ ಸಾಕು.

ತೂತಿನೊಳಗೆ ಮಿಶ್ರಣದ ತೆಂಗಿನ ನಾರಿನ ಪುಡಿ, ಬೇರು ನುಗ್ಗದಂತೆ ಪೈಪಿಗೆ ಹಳೆ ಸೊಳ್ಳೆಪರದೆಯ ನೈಲಾನ್ ಬಟ್ಟೆ ಎರಡು ಸುತ್ತು ಸುತ್ತಿ ದಾರ ಕಟ್ಟಿದೆ. ಹತ್ತಿ ಬಟ್ಟೆ ಬೇಡ, ಕೊಳೆಯುತ್ತದೆ. ಈ ಪೈಪು ಪೂರ್ತಿ ತುಂಬಿದರೂ ಒಂದು ಲೀಟರಿಗಿಂತ ಕಮ್ಮಿ ನೀರು ಹಿಡಿಯುತ್ತದೆ. ಒಂದೇ ಸಲ ಹೊಯ್ಯುವ ಬದಲು, ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಲ್ಲಿ ಚುಚ್ಚಿ ಅದನ್ನು ಕಂಬದ ಮೇಲಿನ ಬಾಯಲ್ಲಿ, ಮಣ್ಣಿನ ಮೇಲೆ ಬೋರಲು ಹಾಕುತ್ತೇನೆ. ಬಾಟಲಿಯ ತಳದಲ್ಲೂ ಒಂದು ಸಣ್ಣ ತೂತು ಬೇಕು, ಗಾಳಿ ಹೋಗಲು. ಅದು ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ, ಮೇಲಿನ ಎರಡು ಸಾಲಿಗೆ ಅದೇ ಆಧಾರ. ಅರ್ಧ ನೀರು ಒಳಪೈಪಿನಿಂದ, ಅರ್ಧ ಈ ಬಾಟಲಿಯಿಂದ.

ಭಾರ ಎಷ್ಟು?

ಇದನ್ನು ಕೇಳದೆ ಬಾಲ್ಕನಿಯಲ್ಲಿ ಏನನ್ನೂ ಕಟ್ಟಬಾರದು. ಹಸಿ ಮಿಶ್ರಣ 28 ಲೀಟರ್ ಅಂದರೆ ಸುಮಾರು 25 ಕೆ.ಜಿ. ಬಕೆಟ್ಟಿನಲ್ಲಿ ಪೈಪಿನ ಸುತ್ತ ತುಂಬುವ ಜಲ್ಲಿ ಹತ್ತಿರ ಹತ್ತಿರ 20 ಕೆ.ಜಿ. ಪೈಪು, ನೀರು, ಗಿಡ ಸೇರಿದರೆ ಒಂದು ಕಂಬ 50 ಕೆ.ಜಿ., ಎರಡಕ್ಕೆ 100. ಮನೆಯ ಬಾಲ್ಕನಿಯನ್ನು ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಬೇಕು ಅಂತ ಕಟ್ಟಡಗಳ ಭಾರದ ಲೆಕ್ಕಕ್ಕಿರುವ ನಮ್ಮ ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ಅದರೊಳಗೇ ಇದ್ದೇವೆ. ಆದರೂ ಕಂಬ ಗೋಡೆ ಪಕ್ಕಕ್ಕಿರಲಿ. ಬಾಲ್ಕನಿ ಹೊರಚಾಚಿದ ಸ್ಲ್ಯಾಬ್ ಆಗಿದ್ದರೆ ತುದಿಯಲ್ಲಿಟ್ಟ ಭಾರದ ಏಟು ಜಾಸ್ತಿ. 200 ಲೀಟರಿನ ನೀಲಿ ಡ್ರಮ್ಮಿಗೆ ಇದೇ ರೀತಿ ಕಿಸೆ ಮಾಡುವವರಿದ್ದಾರೆ. ಅದು ಟೆರೇಸಿಗೆ, ಅದೂ ಕೆಳಗೆ ತೊಲೆಯೋ ಕಂಬವೋ ಇರುವ ಕಡೆಗೆ ಸರಿ. ಬಾಲ್ಕನಿಗೆ ಬೇಡ.

ಪೈಪಿನ ತಳದಿಂದ ಒಂದಿಂಚು ಮೇಲೆ ಸುತ್ತಲೂ ತೂತು, ಬಕೆಟ್ಟಿನ ತಳಕ್ಕೂ ತೂತು, ಅದರಡಿ ಟ್ರೇ. ಜಲ್ಲಿ ತುಂಬುವಾಗ ಪೈಪು ನೆಟ್ಟಗಿದೆಯಾ ಅಂತ ದಾರಕ್ಕೆ ನಟ್ಟು ಕಟ್ಟಿ ತೂಗಿ ನೋಡಿ. ಮೇಲೆ ಗ್ರಿಲ್ಲಿಗೆ ಎರಡು ಕಡೆ ತಂತಿಯಿಂದ ಬಿಗಿದೆ. ಟ್ರೇ ಇಲ್ಲದೆ ಮಾತ್ರ ಶುರು ಮಾಡಬೇಡಿ. ಕೆಳಗಿನ ಮನೆಯವರು ಒಣಹಾಕಿದ ಬಿಳಿ ಪಂಚೆ ಮೇಲೆ ನಾರಿನ ಕಂದು ನೀರು ಬಿದ್ದರೆ ನಿಮ್ಮ ತೋಟಗಾರಿಕೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಚರ್ಚೆಗೆ ಬರುತ್ತದೆ.

ಮಿಶ್ರಣ

5 ಕೆ.ಜಿ. ಕೋಕೋಪೀಟ್ ಇಟ್ಟಿಗೆ ನೀರಲ್ಲಿ ನೆನೆದರೆ 70 ಲೀಟರ್ ಆಸುಪಾಸು ಉಬ್ಬುತ್ತದೆ. ಎರಡು ಕಂಬಕ್ಕೆ ಅರ್ಧ ಸಾಕು. ಇದನ್ನು ತೊಳೆಯದೆ ಹಾಕುವವರು ಬಹಳ ಜನ. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಮೊಳಕೆಯ ತುದಿ ಸುಟ್ಟಂತೆ ಆಗುವುದು ಅದರಿಂದ. ನೆನೆಸಿ, ಹಿಂಡಿ, ನೀರು ಬದಲಾಯಿಸುತ್ತಾ ಹೋಗಿ. ಬಸಿದ ನೀರಿನ ಗಾಢ ಕಂದು ಬಣ್ಣ ತಿಳಿಯಾಗುವವರೆಗೆ.

ಐದು ಪಾಲು ಕೋಕೋಪೀಟ್, ಮೂರು ಪಾಲು ಎರೆಗೊಬ್ಬರ, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಭತ್ತದ ಹೊಟ್ಟು. ಕಂಬಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಬರೀ ಕೆಮ್ಮಣ್ಣು ತುಂಬಿದರೆ ಭಾರ ಹೆಚ್ಚು, ಮೇಲಾಗಿ ಪೈಪಿನೊಳಗೆ ಗಟ್ಟಿಯಾಗಿ ನೀರೇ ಇಳಿಯುವುದಿಲ್ಲ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳಿಂದ ಮುಟ್ಟಿದರೆ ಒಡೆಯಬೇಕು.

ತುಂಬುವಾಗ ಅವಸರ ಬೇಡ. ಒಳಪೈಪನ್ನು ನಡುವೆ ನಿಲ್ಲಿಸಿ, ಒಂದು ಸಾಲಿನ ಎತ್ತರಕ್ಕೆ ತುಂಬಿ, ಕಂಬದ ಮೈಗೆ ಅಂಗೈಯಿಂದ ತಟ್ಟಿ, ನೀರು ಹಾಕಿ ಕೂರಿಸಿ, ಆಮೇಲೆ ಮುಂದಿನ ಸಾಲು. ಇಲ್ಲದಿದ್ದರೆ ಕೆಲವು ವಾರದಲ್ಲಿ ಮಿಶ್ರಣ ಕುಸಿದು ಕಿಸೆಯ ಹಿಂದೆ ಪೊಳ್ಳಾಗುತ್ತದೆ, ಗಿಡದ ಬೇರು ಗಾಳಿಗೆ ಸಿಗುತ್ತದೆ. ಕಿಸೆಯ ಬಾಯಿಂದ ಮಣ್ಣು ಜಾರದಿರಲು ನಾನು ಇಟ್ಟದ್ದು ತೆಂಗಿನ ಸಿಪ್ಪೆಯ ನಾರು. ಕಾಯಿ ಸುಲಿದಾಗ ಬರುವ ಜುಂಗನ್ನು ಬಿಡಿಸಿ, ಸಣ್ಣ ಉಂಡೆ ಮಾಡಿ, ಕಿಸೆಯ ತುಟಿಗೆ ಒಳಗಿನಿಂದ ಒತ್ತಿದರೆ ಮುಗಿಯಿತು. ನೀರು ಇಂಗುತ್ತದೆ, ಮಣ್ಣು ನಿಲ್ಲುತ್ತದೆ.

ಯಾವ ಗಿಡ ಯಾವ ಮಹಡಿಗೆ

ಪುದೀನವನ್ನು ಮೇಲಿನ ಸಾಲಿಗೆ ಇಡಲು ಹೊರಟಾಗ ಅಮ್ಮ ತಡೆದರು. "ಅದನ್ನ ಯಾಕೋ ಅಟ್ಟದ ಮೇಲೆ ಕೂರಿಸ್ತೀಯ? ಅದಕ್ಕೆ ಕಾಲಡಿ ತಂಪಿರ್ಬೇಕು." ಅಮ್ಮನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಬಚ್ಚಲ ನೀರು ಹರಿದುಹೋಗುವ ದಾರಿಯಲ್ಲಿ ಒಂದೆಲಗ, ಬಸಳೆ, ಕೆಸು ಇರುತ್ತವೆ. ಒಣಗಿದ ದಿಬ್ಬದ ಕಡೆ ದೊಡ್ಡಪತ್ರೆ. ನೀರಿನ ಪೈಪಿನ ತೂತಿನ ಲೆಕ್ಕದಲ್ಲಿ ಎಷ್ಟೇ ತಲೆಕೆಡಿಸಿಕೊಂಡರೂ ಕಂಬದ ಮೇಲು ಒಣಗುವುದು, ಕೆಳಗು ಒದ್ದೆಯಾಗುವುದು ಪೂರ್ತಿ ತಪ್ಪುವುದಿಲ್ಲ. ಅದಕ್ಕೆ ತಕ್ಕ ಗಿಡ ಆರಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಮೇಲಿನ ಎರಡು ಸಾಲು: ದೊಡ್ಡಪತ್ರೆ, ಕಾಮಕಸ್ತೂರಿ. ಬಿಸಿಲೂ ಅಲ್ಲೇ ಜಾಸ್ತಿ. ದೊಡ್ಡಪತ್ರೆಯ ದಪ್ಪ ಎಲೆಯಲ್ಲಿ ನೀರು ತುಂಬಿರುತ್ತದೆ, ಒಂದು ದಿನ ಮರೆತರೂ ಮುನಿಸಿಕೊಳ್ಳುವುದಿಲ್ಲ. ನಡುವೆ ಹರಿವೆ, ಪಾಲಕ್, ಮೆಂತ್ಯ, ಕೊತ್ತಂಬರಿ. ಕೆಳಗಿನ ಎರಡು ಸಾಲಿಗೆ ಪುದೀನ, ಒಂದೆಲಗ.

ಹರಿವೆಗೂ ಪಾಲಕ್‌ಗೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಹಾಕಿದೆ. ಹರಿವೆಯಲ್ಲಿ ಅರ್ಕಾ ಸುಗುಣ, ಪಾಲಕ್‌ನಲ್ಲಿ ಅರ್ಕಾ ಅನುಪಮಾ. ಎರಡೂ ಕತ್ತರಿಸಿದಂತೆ ಮತ್ತೆ ಚಿಗುರುವ ತಳಿ. ಕಿಸೆಯಂಥ ಸಣ್ಣ ಜಾಗಕ್ಕೆ ಇದು ಮುಖ್ಯ, ಯಾಕಂದರೆ ಬುಡಸಮೇತ ಕಿತ್ತರೆ ನಾರು, ಮಣ್ಣು ಎಲ್ಲ ಜೊತೆಗೇ ಬರುತ್ತದೆ. ಹರಿವೆಯನ್ನು ಬುಡದಿಂದ ಎರಡು ಗೆಣ್ಣು ಬಿಟ್ಟು ಕತ್ತರಿಯಲ್ಲಿ ಕೊಯ್ಯಬೇಕು. ಪಾಲಕ್‌ನಲ್ಲಿ ಹೊರಗಿನ ಎಲೆ ಮಾತ್ರ.

ಮೆಂತ್ಯ ಅಡುಗೆಮನೆ ಡಬ್ಬಿಯದೇ ಸಾಕು. ರಾತ್ರಿ ನೆನೆಸಿ ಹಾಕಿದರೆ ಮೂರು ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ಕೊತ್ತಂಬರಿಗೆ ತಾಳ್ಮೆ ಬೇಕು. ಒಂದು ಕಾಳು ಅಂದರೆ ಎರಡು ಬೀಜ, ಲಟ್ಟಣಿಗೆಯಿಂದ ಹಗುರವಾಗಿ ಒತ್ತಿ ಹೋಳು ಮಾಡಬೇಕು, ಪುಡಿಯಾಗಬಾರದು. ಮೊಳೆಯಲು ವಾರದ ಮೇಲೆ ಹಿಡಿಯುತ್ತದೆ. ಬೇರು ನೇರ ಕೆಳಗಿಳಿಯುವ ಜಾತಿ, ಕಿತ್ತು ನೆಟ್ಟರೆ ಸೊರಗುತ್ತದೆ. ಕಿಸೆಯಲ್ಲೇ ಬಿತ್ತಬೇಕು. ಪುದೀನಕ್ಕೆ ಬೀಜ ಹುಡುಕಬೇಡಿ. ಮಾರ್ಕೆಟ್ಟಿನ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಲ್ಲಿ ಇಟ್ಟರೆ ಬೇರು ಬಿಡುತ್ತದೆ.

ಟೊಮೇಟೊ, ಬದನೆ ಇದರಲ್ಲಿ ಬೇಡ. ಒಂದು ಟೊಮೇಟೊ ಗಿಡಕ್ಕೇ ಹನ್ನೆರಡು ಹದಿನೈದು ಲೀಟರಿನ ಕುಂಡ ಬೇಕು, ಬಿಸಿಲು ಆರು ಗಂಟೆಯಾದರೂ ಬೀಳಬೇಕು. ಕಿಸೆಯಲ್ಲಿ ಗಿಡ ಬರುತ್ತದೆ, ಹೂವೂ ಬರುತ್ತದೆ, ಫೋಟೋನೂ ಚೆನ್ನಾಗಿ ಬರುತ್ತದೆ. ಕಾಯಿ ಮಾತ್ರ ಎರಡು. ಕಂಬದ ಮೇಲಿನ ಬಾಯಲ್ಲಿ ಒಂದು ಮೆಣಸಿನ ಗಿಡ ಆಗಬಹುದು, ಅಷ್ಟೇ.

ನಡೆಸುತ್ತಾ ಹೋದಂತೆ

ಮೊದಲು ಬಂದ ಗಿರಾಕಿ ಪಾರಿವಾಳ. ಬೆಂಗಳೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಮೆಂತ್ಯವನ್ನು ಒಂದೊಂದಾಗಿ ಕೀಳುತ್ತವೆ, ನಾರಿನ ಉಂಡೆಯನ್ನು ಗೂಡಿಗೆ ಒಯ್ಯುತ್ತವೆ. ಬಲೆ ಇಲ್ಲದ ಬಾಲ್ಕನಿಯಲ್ಲಿ ಮೊಳಕೆ ನಾಲ್ಕು ಬೆರಳು ಎತ್ತರವಾಗುವವರೆಗೆ ಕಂಬಕ್ಕೆ ಹಳೆ ಸೊಳ್ಳೆಪರದೆ ಸುತ್ತಿಡಬೇಕು.

ಪಾಲಕ್ ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆ ಕಂಡರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರದ ನಡುವೆ ಕೊರೆಯುತ್ತಾ ಹೋಗುತ್ತದೆ, ಮೇಲಿಂದ ಸಿಂಪಡಿಸಿದ್ದು ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಆ ಎಲೆ ಕಿತ್ತು ಹಾಕುವುದೇ ವಾಸಿ. ಹೇನು, ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಮೂರು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಗೊಬ್ಬರದ ಕಡೆ ಒಂದು ಕಣ್ಣು ಇರಬೇಕು. ನೀರಿನ ಜೊತೆ ಸಾರವೂ ಇಳಿದು ಟ್ರೇ ಸೇರುತ್ತದೆ. ಅದನ್ನು ಚೆಲ್ಲದೆ ಮತ್ತೆ ಮೇಲಿಂದಲೇ ಹಾಕುತ್ತೇನೆ. ಟ್ರೇಯಲ್ಲಿ ನೀರು ನಿಲ್ಲಿಸಿದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಕಾಲದಲ್ಲಿ ಅದಂತೂ ಬೇಡವೇ ಬೇಡ. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಹತ್ತು ಪಟ್ಟು ತೆಳು ಮಾಡಿ ಕೊಟ್ಟರೆ ಸೊಪ್ಪು ಕಡು ಹಸಿರಾಗುತ್ತದೆ. ವಾಸನೆ ಮಾತ್ರ ಭಯಂಕರ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತರ ಮೇಲೆ ಹಾಕಿ, ಬೆಳಗ್ಗೆ ಏನೂ ಗೊತ್ತಿಲ್ಲದವರ ಹಾಗೆ ಇರಬೇಕು.

ಇಳುವರಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎರಡು ಕಂಬದ ಹರಿವೆ, ಪಾಲಕ್ ಒಟ್ಟಿಗೆ ಕೊಯ್ದರೆ ನಾಲ್ಕು ಜನಕ್ಕೆ ಒಂದು ಬಸ್ಸಾರು. ಮತ್ತೆ ಅಷ್ಟೇ ಸಿಗಲು ಎರಡು ವಾರ ಕಾಯಬೇಕು. ಸೊಪ್ಪಿನವರ ಹತ್ತಿರ ಕೊಳ್ಳುವುದು ತಪ್ಪುವುದಿಲ್ಲ. ಆದರೆ ಚಿತ್ರಾನ್ನಕ್ಕೆ ನಾಲ್ಕು ಎಸಳು ಕೊತ್ತಂಬರಿ, ಚಟ್ನಿಗೆ ಒಂದು ಹಿಡಿ ಪುದೀನ, ಮಗುವಿಗೆ ಕೆಮ್ಮು ಬಂದಾಗ ದೊಡ್ಡಪತ್ರೆ, ತಂಬುಳಿಗೆ ಒಂದೆಲಗ, ಇವಕ್ಕೆ ಕಟ್ಟು ತಂದು ಮುಕ್ಕಾಲು ಪಾಲು ಫ್ರಿಜ್ಜಿನಲ್ಲಿ ಕೊಳೆಸುವುದು ನಿಂತಿದೆ. ದುಡ್ಡಿನ ಲೆಕ್ಕಕ್ಕಿಂತ ಈ ಲೆಕ್ಕವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅದಕ್ಕೇ ಇಲ್ಲಿ ಇದು ಹೆಚ್ಚುಕಮ್ಮಿ ವರ್ಷಪೂರ್ತಿ ನಡೆಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬರಿ ಪೈಪು ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತದೆ. ಅಲ್ಲಿಯವರು ಪೈಪಿಗೆ ಬಿಳಿ ಬಣ್ಣ ಹೊಡೆದು, ಗೋಣಿತಾಟು ಸುತ್ತಿ, ಮೇಲೆ ಶೇಡ್ ನೆಟ್ ಕಟ್ಟಬೇಕು. ಮಂಗಳೂರು, ಉಡುಪಿ ಕಡೆ ತೊಂದರೆ ಉಲ್ಟಾ. ಮಳೆಗಾಲದಲ್ಲಿ ಕಂಬವನ್ನು ಸೂರಿನಡಿಗೆ ಸರಿಸಿ, ಮೇಲಿನ ಬಾಯಿ ಮುಚ್ಚದಿದ್ದರೆ ಮಿಶ್ರಣದ ಸಾರವೆಲ್ಲ ತೊಳೆದುಹೋಗುತ್ತದೆ. ಕೊತ್ತಂಬರಿ ಎಲ್ಲೇ ಆದರೂ ಬೇಸಿಗೆಯಲ್ಲಿ ಬೇಗ ಹೂ ಬಿಟ್ಟು ಕೆಡುತ್ತದೆ. ಅಕ್ಟೋಬರಿನಿಂದ ಜನವರಿವರೆಗೆ ಬಿತ್ತಿದ್ದೇ ಚೆನ್ನಾಗಿ ಬರುವುದು.

ವರ್ಷಕ್ಕೊಮ್ಮೆ ಕಂಬ ಬಿಚ್ಚಬೇಕು. ಒಳಪೈಪನ್ನು ತಿರುಗಿಸುತ್ತಾ ಮೇಲಕ್ಕೆಳೆದು, ಪರದೆ ಬಟ್ಟೆ ಬದಲಾಯಿಸಿ, ಮುಚ್ಚಿಹೋದ ತೂತುಗಳನ್ನು ತಂತಿಯಿಂದ ಬಿಡಿಸಬೇಕು. ಪುದೀನದ ಬೇರು ಅಷ್ಟರಲ್ಲಿ ಮೇಲಿನ ಸಾಲಿನವರೆಗೂ ಹತ್ತಿರುತ್ತದೆ, ಅದನ್ನು ಆರಿಸಿ ತೆಗೆಯದಿದ್ದರೆ ಮುಂದಿನ ವರ್ಷ ಕಂಬದ ತುಂಬ ಪುದೀನವೇ. ಹಳೆ ಮಿಶ್ರಣ ಎಸೆಯುವುದು ಬೇಡ. ಎರಡು ದಿನ ಬಿಸಿಲಿಗೆ ಹರಡಿ, ಮೂರನೇ ಒಂದು ಪಾಲು ಹೊಸ ಎರೆಗೊಬ್ಬರ, ಇನ್ನೆರಡು ಹಿಡಿ ಬೇವಿನ ಹಿಂಡಿ ಸೇರಿಸಿ ಮತ್ತೆ ತುಂಬಬಹುದು.